ಗಟ್ಟಿಮುಟ್ಟಾದ ಹಡಗು ಅದಿರು ತುಂಬಿಕೊಂಡು ಮುಳುಗುವುದೇಕೆ? ಹಡಗು ಸಮುದ್ರಯಾನಕ್ಕೆ ಯೋಗ್ಯವೆಂದು ತೀರ್ಮಾನಿಸುವುದು ಹೇಗೆ?

ಪ್ರಶ್ನೆ: ಪಣಂಬೂರಿನ ಓದುಗ

2009ರ ಜುಲೈ ತಿಂಗಳಿನಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಪುಡಿಯನ್ನು ತುಂಬಿಕೊಂಡು ಹೊರಟಿದ್ದ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಕರಾವಳಿಯಿಂದ ಹೆಚ್ಚು ದೂರ ಹೋಗುವ ಮೊದಲೇ ಒಂದು ಬದಿಗೆ ವಾಲಿ ಮುಳುಗಿತು. ಸಿಬ್ಬಂದಿಯನ್ನು ಕರಾವಳಿ ರಕ್ಷಣಾ ಪಡೆ ಪಾರುಮಾಡಿತು. ಎರಡು ತಿಂಗಳೊಳಗೆ, ಸೆಪ್ಟೆಂಬರಿನಲ್ಲಿ, ಒಡಿಶಾದ ಪಾರಾದೀಪದ ಬಳಿ ‘ಬ್ಲ್ಯಾಕ್ ರೋಸ್’ ಎಂಬ ಹಡಗೂ ಅದೇ ಬಗೆಯ ಸರಕಿನೊಂದಿಗೆ ಮುಳುಗಿತು. ಒದ್ದೆಯಾಗಿದ್ದ ಅದಿರು ಹಡಗಿನೊಳಗೆ ಕೆಸರಿನಂತಾದುದೇ ಇಂತಹ ಅವಘಡಗಳಿಗೆ ಕಾರಣವೆಂಬ ವಿವರಣೆಯನ್ನು ಓದಿದ್ದೇನೆ. ಆದರೆ ಅದು ನನಗೆ ಪೂರ್ತಿಯಾಗಿ ಅರ್ಥವಾಗಿಲ್ಲ.

ಅದಿರು ಭಾರವಾದ ವಸ್ತು, ಹಡಗಿನ ತಳದಲ್ಲಿ ಕುಳಿತಿರುತ್ತದೆ. ತಳದಲ್ಲಿ ಭಾರವಿದ್ದಷ್ಟೂ ಹಡಗು ಭದ್ರವೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಹಾಗಿರುವಾಗ ಉಕ್ಕಿನ ಒಡಲಿಗೆ ರಂಧ್ರವೂ ಬೀಳದೆ, ಬಂಡೆಗೂ ಬಡಿಯದೆ, ಅಷ್ಟು ದೊಡ್ಡ ಹಡಗು ಮಗುಚುವುದು ಹೇಗೆ? ಬಂದರು ಬಿಡುವ ಮುನ್ನ ಹಡಗು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂದು ಯಾರಾದರೂ ಪರೀಕ್ಷಿಸುತ್ತಾರೆಯೇ, ಅಥವಾ ಹಡಗಿನ ಬಳಿ ಪ್ರಮಾಣಪತ್ರಗಳಿದ್ದರೆ ಸಾಕೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಎಂಜಿನ್ ಕೋಣೆಯ ಹಳಬ

ಸರಕು ಸಾಗಣೆಯ ಹಡಗುಗಳಲ್ಲಿ ಎಂಜಿನಿಯರಾಗಿ ಕೆಲಸಮಾಡಿ ನಿವೃತ್ತನಾದವನು ನಾನು. ಪ್ರಶ್ನೆಯ ಮೊದಲ ಭಾಗಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಹಡಗು ತೇಲುವುದು ಬೇರೆ, ನೆಟ್ಟಗೆ ತೇಲುವುದು ಬೇರೆ. ತೇಲಲು ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿದರೆ ಸಾಕು. ನೆಟ್ಟಗೆ ನಿಲ್ಲಬೇಕಾದರೆ, ಅಲೆಯೊಂದು ವಾಲಿಸಿದಾಗ ಮತ್ತೆ ಎದ್ದು ನಿಲ್ಲುವ ಬಲ ಅದರಲ್ಲಿರಬೇಕು. ಹಡಗು ಎಡಕ್ಕೆ ವಾಲಿದಾಗ ನೀರಿನೊಳಗಿರುವ ಭಾಗದ ಆಕಾರ ಬದಲಾಗಿ, ಮೇಲಕ್ಕೆ ತಳ್ಳುವ ಬಲದ ಕೇಂದ್ರವೂ ಎಡಕ್ಕೆ ಸರಿಯುತ್ತದೆ. ಆ ಬಲದ ರೇಖೆಯನ್ನು ಮೇಲಕ್ಕೆ ಎಳೆದರೆ ಅದು ಹಡಗಿನ ನಡುಗೆರೆಯನ್ನು ಒಂದು ಬಿಂದುವಿನಲ್ಲಿ ಕೂಡುತ್ತದೆ. ಇದನ್ನು ಮೆಟಾಸೆಂಟರ್ ಎನ್ನುತ್ತೇವೆ. ಹಡಗಿನ ಗುರುತ್ವ ಕೇಂದ್ರ ಈ ಬಿಂದುವಿಗಿಂತ ಕೆಳಗಿದ್ದರೆ ಹಡಗು ಏಳುತ್ತದೆ, ಮೇಲಿದ್ದರೆ ಇನ್ನಷ್ಟು ವಾಲುತ್ತದೆ. ಎರಡರ ನಡುವಿನ ಅಂತರ ಕನಿಷ್ಠ 0.15 ಮೀಟರ್ ಇರಬೇಕೆಂಬುದು ಸರಕು ಹಡಗುಗಳಿಗೆ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಇಟ್ಟಿರುವ ಮಿತಿ. ನೂರಾರು ಅಡಿ ಉದ್ದದ ಹಡಗಿನ ಭದ್ರತೆಯ ಲೆಕ್ಕ ಒಂದು ಗೇಣಿಗೂ ಕಡಿಮೆ ಅಂತರದಿಂದ ಆರಂಭವಾಗುತ್ತದೆ ಎಂದರೆ ಹೊರಗಿನವರು ಸುಲಭವಾಗಿ ನಂಬುವುದಿಲ್ಲ.

ಈಗ ಅದಿರಿನ ವಿಷಯಕ್ಕೆ ಬರೋಣ. ಅದಿರು ಎಷ್ಟು ಭಾರವೆಂದರೆ, ಹಡಗು ತನ್ನ ತೂಕದ ಮಿತಿಯನ್ನು ಮುಟ್ಟಿದಾಗಲೂ ಸರಕಿನ ಕೋಣೆಯ, ಅಂದರೆ ಹೋಲ್ಡಿನ, ಬಹುಭಾಗ ಖಾಲಿಯಾಗಿಯೇ ಕಾಣುತ್ತದೆ. ನೀವು ಹೇಳಿದಂತೆ ಭಾರವೆಲ್ಲ ತಳದಲ್ಲಿರುವುದರಿಂದ ಗುರುತ್ವ ಕೇಂದ್ರ ಬಹಳ ಕೆಳಗಿರುತ್ತದೆ ಮತ್ತು ಲೆಕ್ಕದ ಪ್ರಕಾರ ಹಡಗು ಅತ್ಯಂತ ಭದ್ರವಾಗಿರುತ್ತದೆ. ತೊಡಕು ಇರುವುದೂ ಅಲ್ಲಿಯೇ. ಇಂತಹ ಹಡಗು ವಾಲಿದ ಕೂಡಲೇ ರಭಸದಿಂದ ಎದ್ದು ಇನ್ನೊಂದು ಬದಿಗೆ ಹೊರಳುತ್ತದೆ. ಆ ಓಲಾಟದ ಹೊಡೆತವೂ ಎಂಜಿನ್ನಿನ ನಡುಕವೂ ಹಗಲಿರುಳು ಸರಕಿನ ಮೇಲೆ ಬೀಳುತ್ತಿರುತ್ತವೆ.

ಅದಿರಿನ ಪುಡಿಯ ಕಣಗಳು ಒಂದನ್ನೊಂದು ಒತ್ತಿಕೊಂಡು ಘರ್ಷಣೆಯ ಬಲದಿಂದ ರಾಶಿಯಾಗಿ ನಿಂತಿರುತ್ತವೆ. ಕಣಗಳ ನಡುವಿನ ಸಂದುಗಳಲ್ಲಿ ಗಾಳಿಯೂ ಸ್ವಲ್ಪ ನೀರೂ ಇರುತ್ತವೆ. ನಡುಕಕ್ಕೆ ರಾಶಿ ಕುಗ್ಗಿದಂತೆ ಸಂದುಗಳು ಕಿರಿದಾಗಿ, ಗಾಳಿ ಹೊರಹೋಗಿ, ಉಳಿದ ನೀರು ಹಿಗ್ಗಲೂ ಹರಿಯಲೂ ಜಾಗವಿಲ್ಲದೆ ಕಣಗಳನ್ನು ಒಂದರಿಂದೊಂದು ದೂರ ತಳ್ಳತೊಡಗುತ್ತದೆ. ಕಣಗಳ ನಡುವಿನ ಹಿಡಿತ ತಪ್ಪಿದ ಕ್ಷಣದಲ್ಲಿ ರಾಶಿಯು ದ್ರವದಂತೆ ವರ್ತಿಸುತ್ತದೆ. ಅಲೆ ಹಿಂದೆ ಸರಿದ ಮೇಲೆ ಗಟ್ಟಿಯಾಗಿ ಕಾಣುವ ತೀರದ ಮರಳನ್ನು ಪಾದದಿಂದ ಅದುಮುತ್ತಾ ಹೋದರೆ ನೀರು ಮೇಲೆ ಬಂದು ಮರಳು ತುಳುಕಾಡುವುದನ್ನು ನೀವು ನೋಡಿರಬಹುದು. ಹೋಲ್ಡಿನಲ್ಲಿ ಆಗುವುದೂ ಅದೇ, ಸಾವಿರಾರು ಟನ್ನಿನ ಪ್ರಮಾಣದಲ್ಲಿ. ಹಡಗು ಎಡಕ್ಕೆ ವಾಲಿದಾಗ ಸರಕು ಎಡಕ್ಕೆ ಹರಿಯುತ್ತದೆ, ಬಲಕ್ಕೆ ಹೊರಳುವಾಗ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಮುಂದಿನ ಓಲಾಟಕ್ಕೆ ಇನ್ನಷ್ಟು ಸೇರುತ್ತದೆ. ಹೀಗೆ ವಾಲಿದ ಹಡಗನ್ನು ನೆಟ್ಟಗಾಗಿಸಲು ಸಿಬ್ಬಂದಿಗೆ ಕೆಲವೊಮ್ಮೆ ಗಂಟೆಗಳೂ ಸಿಗುವುದಿಲ್ಲ.

ಆದ್ದರಿಂದ ಅದಿರಿನ ತೇವಾಂಶಕ್ಕೆ ಒಂದು ಮಿತಿಯಿದೆ. ಪ್ರಯೋಗಾಲಯದಲ್ಲಿ ಮಾದರಿಯು ಹರಿಯತೊಡಗುವ ತೇವಾಂಶ ಎಷ್ಟೆಂದು ಕಂಡುಹಿಡಿದು, ಸಾಮಾನ್ಯವಾಗಿ ಅದರ ಶೇ. 90ರಷ್ಟನ್ನು ಸಾಗಣೆಯ ಗರಿಷ್ಠ ಮಿತಿಯೆಂದು ಪರಿಗಣಿಸುತ್ತಾರೆ. ಸರಕು ಕಳುಹಿಸುವವನು ಈ ಅಂಕಿಗಳನ್ನು ಲೋಡಿಂಗ್ ಆರಂಭವಾಗುವ ಮೊದಲೇ ಕ್ಯಾಪ್ಟನ್‌ಗೆ ಬರಹದಲ್ಲಿ ಕೊಡಬೇಕು. ಬೃಹತ್ ಘನ ಸರಕುಗಳ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಗಿದೆ. ಹಡಗಿನ ಮೇಲೆ ಮಾಡಬಹುದಾದ ಸರಳ ಪರೀಕ್ಷೆಯೂ ಒಂದಿದೆ: ಸಣ್ಣ ಡಬ್ಬಿಗೆ ಅರ್ಧದಷ್ಟು ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿಯಾದ ನೆಲಕ್ಕೆ 25 ಬಾರಿ ಕುಟ್ಟಿದಾಗ ಮೇಲ್ಮೈಯಲ್ಲಿ ನೀರು ಕಾಣಿಸಿಕೊಂಡರೆ ಆ ಸರಕನ್ನು ಮತ್ತೆ ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ತುಂಬಬಾರದು. ನೀರು ಕಾಣಿಸದಿದ್ದ ಮಾತ್ರಕ್ಕೆ ಸರಕು ಸುರಕ್ಷಿತವೆಂದೇನೂ ಅಲ್ಲ. ಬಯಲಿನಲ್ಲಿ ರಾಶಿ ಹಾಕಿದ ಅದಿರಿನ ಮೇಲೆ ನಮ್ಮ ಕರಾವಳಿಯ ಆಷಾಢದ ಮಳೆ ಸುರಿದರೆ ನಿನ್ನೆಯ ಪ್ರಯೋಗಾಲಯದ ವರದಿ ಇಂದಿನ ರಾಶಿಗೆ ಅನ್ವಯಿಸುವುದಿಲ್ಲ. ಚಳಿಗಾಲದಲ್ಲಿ ಇದೇ ಬಂದರಿನಿಂದ ಇದೇ ಬಗೆಯ ಸರಕನ್ನು ನಿರ್ಭಯವಾಗಿ ಒಯ್ಯಬಲ್ಲ ಹಡಗು ಜುಲೈಯಲ್ಲಿ ಅಯೋಗ್ಯವಾಗಬಹುದು. ಹಡಗಿನ ಒಂದು ತಗಡೂ ಬದಲಾಗಿರುವುದಿಲ್ಲ.

ಉತ್ತರ: ಒಡಲು ಮತ್ತು ಹಲಗೆ

ಹಿರಿಯರು ಬರೆದುದೆಲ್ಲ ಸರಿ. ಆದರೆ ಓದುಗರು ಸ್ಥಿರತೆಯೊಂದನ್ನೇ ಹಿಡಿದುಕೊಂಡು ಕುಳಿತುಕೊಳ್ಳಬಾರದೆಂದು ಇದನ್ನು ಸೇರಿಸುತ್ತಿದ್ದೇನೆ. ನಾನು ಹಡಗು ವಿನ್ಯಾಸದ ಕ್ಷೇತ್ರದವನು; ನನ್ನ ದೃಷ್ಟಿಯಲ್ಲಿ ಮುಳುಗಡೆಯ ಕಥೆ ಬಹಳಷ್ಟು ಸಲ ಒಂದು ಬಾಗಿಲಿನಿಂದಲೋ ಒಂದು ಮುಚ್ಚಳದಿಂದಲೋ ಆರಂಭವಾಗುತ್ತದೆ.

ಅದಿರಿನ ಹಡಗಿನದೇ ಇನ್ನೊಂದು ಉದಾಹರಣೆಯನ್ನು ನೋಡಿ. 1980ರ ಸೆಪ್ಟೆಂಬರಿನಲ್ಲಿ ಕೆನಡಾದಿಂದ ಜಪಾನಿಗೆ ಕಬ್ಬಿಣದ ಅದಿರನ್ನು ಒಯ್ಯುತ್ತಿದ್ದ ಬ್ರಿಟನ್ನಿನ ‘ಡರ್ಬಿಶೈರ್’ ಹಡಗು ಜಪಾನಿನ ದಕ್ಷಿಣಕ್ಕೆ ಚಂಡಮಾರುತದಲ್ಲಿ ಸಿಲುಕಿ 44 ಜನರೊಂದಿಗೆ ಕಾಣೆಯಾಯಿತು. ಸುಮಾರು 300 ಮೀಟರ್ ಉದ್ದದ, ಕಟ್ಟಿ ಐದು ವರ್ಷವೂ ಕಳೆಯದ ಹಡಗು ಅದು. ಅದರ ಅವಶೇಷ ಸಮುದ್ರದ ತಳದಲ್ಲಿ ಪತ್ತೆಯಾದದ್ದು 1994ರಲ್ಲಿ. ಮರುವಿಚಾರಣೆಯಲ್ಲಿ ತಿಳಿದುಬಂದ ಕ್ರಮ ಹೀಗಿದೆ: ಮುಂಭಾಗದ ಡೆಕ್ಕಿನ ಮೇಲಿದ್ದ ಗಾಳಿಕೊಳವೆಗಳನ್ನು ಅಲೆಗಳು ಮುರಿದುಹಾಕಿದವು, ಅವುಗಳ ಮೂಲಕ ಮೂತಿಯ ಕೋಣೆಗಳಿಗೆ ನೀರು ನುಗ್ಗಿ ಮೂತಿ ತಗ್ಗಿತು, ಮೂತಿ ತಗ್ಗಿದ್ದರಿಂದ ಮುಂದಿನ ಹೋಲ್ಡಿನ ಮುಚ್ಚಳದ ಮೇಲೆ ಅದು ತಾಳಲಾರದಷ್ಟು ನೀರು ಅಪ್ಪಳಿಸಿ ಮುಚ್ಚಳ ಕುಸಿಯಿತು, ಆಮೇಲೆ ಒಂದಾದ ಮೇಲೊಂದು ಹೋಲ್ಡು ತುಂಬಿತು. ಅಷ್ಟು ದೊಡ್ಡ ಹಡಗಿನ ನಾಶಕ್ಕೆ ದಾರಿ ತೆರೆದದ್ದು ಡೆಕ್ಕಿನ ಮೇಲಿನ ಕೊಳವೆಗಳು. ಮುಂಭಾಗದ ಮುಚ್ಚಳಗಳ ಬಲದ ಬಗ್ಗೆ ಈಗಿರುವ ಕಟ್ಟುನಿಟ್ಟಿನ ನಿಯಮಗಳ ಹಿಂದೆ ಆ 44 ಸಾವುಗಳಿವೆ.

1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ಗೆ ಬಂದರಿನ ಹೊರಗೆ ಮಗುಚಿದ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ನೌಕೆಯಲ್ಲಂತೂ ಯಾವುದೂ ಮುರಿದಿರಲಿಲ್ಲ. ವಾಹನಗಳು ಒಳಬರುವ ಮುಂಬಾಗಿಲನ್ನು ಮುಚ್ಚದೆಯೇ ಹೊರಟಿದ್ದರು. ಅಡ್ಡಗೋಡೆಯಿಲ್ಲದ ಉದ್ದನೆಯ ವಾಹನ ಅಂತಸ್ತಿಗೆ ನೀರು ಹರಡಿ ಕೆಲವೇ ನಿಮಿಷಗಳಲ್ಲಿ ನೌಕೆ ಪಕ್ಕಕ್ಕೆ ಬಿದ್ದು 193 ಮಂದಿ ತೀರಿಕೊಂಡರು. ಅಗಲವಾದ ಜಾಗದಲ್ಲಿ ಸ್ವಚ್ಛಂದವಾಗಿ ಹರಿದಾಡುವ ನೀರಿನ ಕೇಡು ಆ ಜಾಗದ ಅಗಲದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ನಡುವೆ ಉದ್ದಕ್ಕೆ ಒಂದೇ ಒಂದು ಗೋಡೆ ಹಾಕಿದರೂ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಟ್ಯಾಂಕುಗಳನ್ನು ವಿಭಜಿಸಿರುವುದು ಇದೇ ಕಾರಣಕ್ಕೆ.

ಇನ್ನು ಹಡಗಿನ ಪಕ್ಕದಲ್ಲಿ ಬಳಿದಿರುವ ವೃತ್ತ ಮತ್ತು ಗೆರೆಗಳನ್ನು ಪಣಂಬೂರಿನವರು ನೋಡಿಯೇ ಇರುತ್ತಾರೆ. ಬ್ರಿಟನ್ನಿನ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಅವರ ಹೋರಾಟದ ಫಲವಾಗಿ 1876ರಲ್ಲಿ ಆ ಗುರುತು ಕಡ್ಡಾಯವಾಯಿತು. ವಿಚಿತ್ರವೆಂದರೆ, ಗುರುತನ್ನು ಎಲ್ಲಿ ಹಾಕಬೇಕೆಂಬುದನ್ನು ಆ ಕಾಯಿದೆ ಮಾಲೀಕನಿಗೇ ಬಿಟ್ಟಿತ್ತು. ಸ್ಥಾನ ಕಾನೂನಿನಿಂದ ನಿಗದಿಯಾಗಲು 1890 ಬರಬೇಕಾಯಿತು. ಈಗ ಬಳಕೆಯಲ್ಲಿರುವುದು 1966ರ ಅಂತರರಾಷ್ಟ್ರೀಯ ಒಪ್ಪಂದದ ಗೆರೆಗಳು. ಉಷ್ಣವಲಯ, ಬೇಸಿಗೆ, ಚಳಿಗಾಲ, ಸಿಹಿನೀರು ಎಂದು ಒಂದೇ ಹಡಗಿಗೆ ಹಲವು ಗೆರೆಗಳಿವೆ. ಸಮುದ್ರ ಒರಟಾದಷ್ಟೂ ಹಡಗು ಹೆಚ್ಚು ಎತ್ತರಕ್ಕೆ ತೇಲಬೇಕು, ಅಂದರೆ ಕಡಿಮೆ ಸರಕು ಹೊರಬೇಕು. ಅರಬ್ಬೀ ಸಮುದ್ರದಲ್ಲಿಯೂ ಶಾಂತವಾದ ತಿಂಗಳುಗಳಿಗೆ ಅನ್ವಯಿಸುವ ಉಷ್ಣವಲಯದ ಗೆರೆಯವರೆಗೆ ಮುಂಗಾರಿನ ಉಗ್ರ ತಿಂಗಳುಗಳಲ್ಲಿ ತುಂಬುವಂತಿಲ್ಲ.

ಒಡಲಿನ ಲೋಹದ ಬಗ್ಗೆ ಒಂದು ಮಾತು. 1943ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ‘ಸ್ಕೆನೆಕ್ಟಡಿ’ ಎಂಬ ಹೊಸ ತೈಲ ಹಡಗು, ಅಲೆಯೇ ಇಲ್ಲದ ನೀರಿನಲ್ಲಿ ಕಟ್ಟೆಯ ಪಕ್ಕ ನಿಂತಿದ್ದಾಗಲೇ ಸೀಳಿ ಎರಡಾಯಿತು. ಚಳಿಗೆ ಉಕ್ಕು ಪೆಡಸಾಗಿ, ವೆಲ್ಡಿಂಗಿನ ದೋಷದಿಂದ ಹುಟ್ಟಿದ ಬಿರುಕು ತಡೆಯಿಲ್ಲದೆ ಓಡಿತ್ತು. ದಪ್ಪವಾದ ತಗಡು ಎಂದಮಾತ್ರಕ್ಕೆ ಗಟ್ಟಿಯಾದ ಹಡಗು ಎಂದಲ್ಲ.

ಪ್ರಶ್ನಿಸಿದವರ ಮರುಪ್ರಶ್ನೆ: ಪಣಂಬೂರಿನ ಓದುಗ

ಇಬ್ಬರಿಗೂ ಧನ್ಯವಾದಗಳು. ಅದಿರು ಹರಿಯುವ ಬಗೆ ಈಗ ಸ್ಪಷ್ಟವಾಯಿತು. ಆದರೆ ಪ್ರಮಾಣಪತ್ರದ ಪ್ರಶ್ನೆ ಹಾಗೆಯೇ ಉಳಿದಿದೆ. ಸರಕಿನ ತೇವಾಂಶ, ಮುಚ್ಚದೆ ಬಿಟ್ಟ ಬಾಗಿಲು, ಸಿಬ್ಬಂದಿಯ ಅಜಾಗರೂಕತೆ, ಇವೆಲ್ಲ ಹಡಗಿನ ದೋಷಗಳೇ ಅಥವಾ ಮನುಷ್ಯರ ದೋಷಗಳೇ? ಕಾನೂನು ಇವನ್ನು ಹೇಗೆ ನೋಡುತ್ತದೆ?

ಉತ್ತರ: ಬಂದರು ವಕೀಲ

ಕಾನೂನು ಈ ಎರಡರ ನಡುವೆ ನೀವು ಎಳೆಯುತ್ತಿರುವ ಗೆರೆಯನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ. ನಮ್ಮ 1958ರ ವಾಣಿಜ್ಯ ನೌಕಾಯಾನ ಕಾಯಿದೆಯಲ್ಲಿ (ಇದರ ಸ್ಥಾನಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿದೆ) ಯಾವ ಹಡಗು ಅಯೋಗ್ಯವೆಂಬುದಕ್ಕೆ ಕೊಟ್ಟಿರುವ ವಿವರಣೆಯನ್ನು ಗಮನಿಸಿ. ಹಡಗನ್ನು ಕಟ್ಟಿದ ಸಾಮಗ್ರಿ ಮತ್ತು ಕ್ರಮ, ಮಾಸ್ಟರನ (ಅಂದರೆ ಕ್ಯಾಪ್ಟನ್ನನ) ಅರ್ಹತೆ, ಸಿಬ್ಬಂದಿಯ ಸಂಖ್ಯೆ ಮತ್ತು ಅರ್ಹತೆ, ಸರಕಿನ ಮತ್ತು ನಿಲುಭಾರದ (ಹಡಗು ಸ್ಥಿರವಾಗಿರಲೆಂದು ತುಂಬುವ ಭಾರದ) ತೂಕ ಹಾಗೂ ಜೋಡಣೆ, ಒಡಲು, ಸಲಕರಣೆ ಮತ್ತು ಯಂತ್ರಗಳ ಸ್ಥಿತಿ, ಇವೆಲ್ಲವನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ, ಉದ್ದೇಶಿತ ಪ್ರಯಾಣಕ್ಕೆ ಅಥವಾ ಸೇವೆಗೆ ಹಡಗು ಯೋಗ್ಯವಾಗಿದೆಯೇ ಎಂದು ಅದು ಕೇಳುತ್ತದೆ. ಆದ್ದರಿಂದ ನೇತ್ರಾವತಿ ಗುರುಪುರ ನದಿಗಳ ಅಳಿವೆಯೊಳಗೆ ಓಡಾಡಲು ಯೋಗ್ಯವಾದ ದೋಣಿ ಲಕ್ಷದ್ವೀಪದ ಪ್ರಯಾಣಕ್ಕೆ ಅಯೋಗ್ಯವಾಗಬಹುದು, ಮತ್ತು ಅದರಲ್ಲಿ ದೋಣಿಯ ತಪ್ಪೇನೂ ಇರುವುದಿಲ್ಲ. 1963ರ ಸಾಗರ ವಿಮಾ ಕಾಯಿದೆಯ ಮಾತೂ ಇದೇ ದಿಕ್ಕಿನದು: ವಿಮೆ ಮಾಡಿದ ಆ ಯಾನದ ಸಾಮಾನ್ಯ ಅಪಾಯಗಳನ್ನು ಎದುರಿಸಲು ಹಡಗು ಎಲ್ಲ ರೀತಿಯಲ್ಲೂ ಸಮಂಜಸವಾಗಿ ಯೋಗ್ಯವಾಗಿರಬೇಕು. ಎಂತಹ ಚಂಡಮಾರುತವನ್ನೂ ಜಯಿಸಬೇಕೆಂದು ಯಾರೂ ಕೇಳುವುದಿಲ್ಲ.

ಸಿಬ್ಬಂದಿಯಿಂದಲೇ ಹಡಗು ಅಯೋಗ್ಯವಾದ ಪ್ರಸಿದ್ಧ ಮೊಕದ್ದಮೆ ‘ಹಾಂಗ್‌ಕಾಂಗ್ ಫರ್’ ಹಡಗಿನದು. 1957ರಲ್ಲಿ ಬಾಡಿಗೆಗೆ ಪಡೆದ ಆ ಹಡಗಿನ ಎಂಜಿನ್‌ಗಳು ಹಳೆಯವು. ಅವುಗಳನ್ನು ನಿಭಾಯಿಸಲು ಬೇಕಾದಷ್ಟು ಜನರೂ ಇರಲಿಲ್ಲ, ಇದ್ದವರಲ್ಲಿ ಸಾಮರ್ಥ್ಯವೂ ಸಾಲದಾಗಿತ್ತು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1961ರಲ್ಲಿ, ಹಡಗು ಅಯೋಗ್ಯವಾಗಿತ್ತೆಂಬುದನ್ನು ಒಪ್ಪಿಯೂ, ಅಷ್ಟಕ್ಕೇ ಬಾಡಿಗೆದಾರರು ಒಪ್ಪಂದವನ್ನು ಮುರಿಯುವಂತಿಲ್ಲ ಎಂದು ತೀರ್ಪಿತ್ತಿತು. ವಕೀಲರಿಗೆ ಆ ತೀರ್ಪಿನ ಎರಡನೆಯ ಭಾಗವೇ ಮುಖ್ಯವಾಯಿತು, ಆದರೆ ನಿಮ್ಮ ಪ್ರಶ್ನೆಗೆ ಮೊದಲನೆಯ ಭಾಗ ಉತ್ತರ.

ಇತ್ತೀಚಿನದು ಇನ್ನೂ ಸ್ವಾರಸ್ಯಕರವಾಗಿದೆ. 2011ರಲ್ಲಿ ಚೀನಾದ ಷಿಯಾಮೆನ್ ಬಂದರಿನಿಂದ ಹೊರಡುವಾಗ ‘ಸಿಎಂಎ ಸಿಜಿಎಂ ಲಿಬ್ರಾ’ ಎಂಬ ಕಂಟೇನರ್ ಹಡಗು ಗುರುತಿಸಿದ ಹಡಗುದಾರಿಯಿಂದ ಹೊರಗೆ ಹೋಗಿ ನೆಲಕ್ಕೆ ತಾಗಿತು. ದಾರಿಯ ಹೊರಗಿನ ಆಳ ನಕ್ಷೆಯಲ್ಲಿ ತೋರಿಸಿರುವುದಕ್ಕಿಂತ ಕಡಿಮೆಯೆಂಬ ಎಚ್ಚರಿಕೆ ನಾವಿಕರಿಗೆ ಮೊದಲೇ ಪ್ರಕಟವಾಗಿತ್ತು. ಹಡಗಿನ ಪ್ರಯಾಣ ಯೋಜನೆಯಲ್ಲಾಗಲಿ ಬಳಕೆಯ ನಕ್ಷೆಯಲ್ಲಾಗಲಿ ಅದನ್ನು ದಾಖಲಿಸಿರಲಿಲ್ಲ. ಒಡಲು, ಎಂಜಿನ್, ಸರಕು ಎಲ್ಲವೂ ಸರಿಯಿದ್ದರೂ, ಪ್ರಯಾಣದ ಆರಂಭದಲ್ಲಿ ದೋಷಪೂರಿತ ಯೋಜನೆಯನ್ನು ಇಟ್ಟುಕೊಂಡಿದ್ದ ಹಡಗು ಅಯೋಗ್ಯ ಹಡಗೇ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು.

ಪ್ರಮಾಣಪತ್ರಗಳ ಬಗ್ಗೆ: ಹಡಗಿನ ಒಡಲನ್ನೂ ಯಂತ್ರಗಳನ್ನೂ ಪರೀಕ್ಷಿಸಿ ದರ್ಜೆ ಕೊಡುವ ವರ್ಗೀಕರಣ ಸಂಸ್ಥೆಗಳ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಐದು ವರ್ಷಗಳ ಅವಧಿಯಿದ್ದು, ವರ್ಷಕ್ಕೊಮ್ಮೆ ತಪಾಸಣೆಯಾಗುತ್ತದೆ. ಭಾರತದಲ್ಲಿ ಈ ಕೆಲಸ ಮಾಡುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ 1975ರಲ್ಲಿ ಸ್ಥಾಪನೆಯಾಯಿತು. ತಪಾಸಣೆಯ ದಿನ ಹಡಗು ಹೇಗಿತ್ತೆಂಬುದಕ್ಕೆ ಆ ಪತ್ರ ಸಾಕ್ಷಿ. ಇಂದು ಬೆಳಿಗ್ಗೆ ಹೋಲ್ಡಿಗೆ ಏನು ಬಿತ್ತೆಂಬುದಕ್ಕೆ ಅಲ್ಲ. ಆ ಹೊಣೆಯನ್ನು ಮಾಲೀಕನೂ ಕ್ಯಾಪ್ಟನ್ನನೂ ಪ್ರತಿ ಪ್ರಯಾಣಕ್ಕೂ ಹೊಸದಾಗಿ ಹೊರಬೇಕಾಗುತ್ತದೆ.

ಉತ್ತರ: ಗಂಗೊಳ್ಳಿ ಅಳಿವೆ

ದೊಡ್ಡ ಹಡಗುಗಳ ವಿಷಯವನ್ನು ಆಸಕ್ತಿಯಿಂದ ಓದಿದೆ. ನಮ್ಮ ಮನೆತನದ್ದು ಮೀನುಗಾರಿಕೆ. ಆಳಸಮುದ್ರದ ಟ್ರಾಲ್ ಬೋಟಿನ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಇಲ್ಲಿ ಹೇಳಿದ ತತ್ತ್ವಗಳೆಲ್ಲ ನಮ್ಮ ಬೋಟುಗಳಿಗೂ ಅನ್ವಯಿಸುತ್ತವೆ, ಆದರೆ ನಮ್ಮಲ್ಲಿ ಬೋಟು ಸರಕನ್ನು ತುಂಬಿಕೊಳ್ಳುವುದು ಬಂದರಿನಲ್ಲಲ್ಲ, ನಡುಸಮುದ್ರದಲ್ಲಿ. ಈ ವ್ಯತ್ಯಾಸವನ್ನು ಯಾರೂ ಪ್ರಸ್ತಾಪಿಸಲಿಲ್ಲ.

ಹೊರಡುವಾಗ ಡೀಸೆಲ್ ಟ್ಯಾಂಕು ತುಂಬಿರುತ್ತದೆ, ಕೆಳಗೆ ಮಂಜುಗಡ್ಡೆ ಇರುತ್ತದೆ, ಬೋಟು ತಗ್ಗಾಗಿ ಭದ್ರವಾಗಿ ಕೂತಿರುತ್ತದೆ. ದಿನಗಳು ಕಳೆದಂತೆ ಡೀಸೆಲ್ ಅರ್ಧಕ್ಕಿಳಿದು ಟ್ಯಾಂಕಿನೊಳಗೆ ಹೊಯ್ದಾಡತೊಡಗುತ್ತದೆ. ಒದ್ದೆಯಾದ ಬಲೆಯ ರಾಶಿ ಮೇಲೆ ಡೆಕ್ಕಿನಲ್ಲಿ ಬಿದ್ದಿರುತ್ತದೆ. ಒಳ್ಳೆಯ ಮೀನು ಸಿಕ್ಕಿ ಸ್ಟೋರಿನಲ್ಲಿ ಜಾಗ ಸಾಲದಿದ್ದರೆ ಅದೂ ಡೆಕ್ಕಿನ ಮೇಲೆಯೇ. ಅನುಭವಿಯಾದ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಡೆಕ್ಕಿನ ಮೀನನ್ನು ಹಲಗೆಗಳಿಂದ ಅಡ್ಡಗಟ್ಟಿ ಹರಡದಂತೆ ನೋಡಿಕೊಳ್ಳುತ್ತಾನೆ, ನೀರು ಹೊರಹೋಗುವ ಕಂಡಿಗಳಿಗೆ ಬಲೆಯಾಗಲಿ ಬುಟ್ಟಿಯಾಗಲಿ ಅಡ್ಡವಾಗಲು ಬಿಡುವುದಿಲ್ಲ. ಮೇಲಿನವರು ವಿವರಿಸಿದ ಹರಿದಾಡುವ ನೀರಿನ ಕೇಡು ಅವನಿಗೆ ಸೂತ್ರವಾಗಿ ತಿಳಿಯದಿದ್ದರೂ ಕಾಲಡಿಯಲ್ಲಿ ತಿಳಿದಿರುತ್ತದೆ. ಬಲೆ ಸಮುದ್ರತಳದ ಕಲ್ಲಿಗೆ ಸಿಕ್ಕಿಕೊಂಡಾಗ ವಿಂಚಿನಿಂದ ಜಗ್ಗಿ ಎಳೆಯುವುದು, ಹಿಂದಿನಿಂದ ದೊಡ್ಡ ಅಲೆ ಬರುತ್ತಿರುವಾಗ ಅವಸರದಿಂದ ಅಳಿವೆ ಬಾಗಿಲನ್ನು ಹೊಗುವುದು, ಬೋಟು ಮಗುಚುವ ಸಂದರ್ಭಗಳು ಹೆಚ್ಚಾಗಿ ಇವೇ. ಅಳಿವೆಯಲ್ಲಿ ಹೂಳು ತುಂಬಿ ಅಲೆ ಒಡೆಯುವ ಜಾಗ ಬದಲಾಗುತ್ತಿದ್ದರೆ ಹಳೆಯ ದಾರಿಯ ನೆನಪೂ ನೆರವಿಗೆ ಬರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮೀನಿನ ಸಂತತಿಗಾಗಿ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ನಮ್ಮ ಮನೆಯ ಹೆಂಗಸರು ಅದನ್ನು ಬೇರೆ ಕಾರಣಕ್ಕೂ ಸ್ವಾಗತಿಸುತ್ತಾರೆ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಜನರನ್ನು ಮರಳಿ ಕರೆತರುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡದ್ದನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಸರಕು ಎಂದರೆ ಜನರೇ. ಅಲೆ ಕಂಡು ಎಲ್ಲರೂ ಒಂದೇ ಬದಿಗೆ ಸರಿದರೆ, ಅಥವಾ ಕುಳಿತವರೆಲ್ಲ ಒಮ್ಮೆಲೇ ಎದ್ದು ನಿಂತರೆ, ಗುರುತ್ವ ಕೇಂದ್ರವೂ ಅವರೊಂದಿಗೆ ಸರಿಯುತ್ತದೆ, ಏರುತ್ತದೆ. ಸರಕಿನ ಹಡಗಿಗೆ ಗೆರೆ ಬಳಿದಂತೆ ಪ್ರಯಾಣಿಕರ ಸಣ್ಣ ದೋಣಿಗೆ ‘ಇಷ್ಟೇ ಜನ’ ಎಂದು ಕಾಣುವಂತೆ ಬರೆದು, ಜಾತ್ರೆಯ ದಿನವೂ ಅದನ್ನು ಮೀರದಂತೆ ದಡದಲ್ಲಿ ಒಬ್ಬರು ನಿಂತು ಎಣಿಸಬೇಕು.

ಎಂಜಿನಿಯರ್ ಸಾಹೇಬರಲ್ಲಿ ಒಂದು ಪ್ರಶ್ನೆ. ವಿನ್ಯಾಸದ ಕಾಗದಪತ್ರಗಳಿಲ್ಲದ ಹಳೆಯ ಬೋಟಿನ ಸ್ಥಿರತೆ ಕುಸಿದಿದೆಯೇ ಎಂದು ನಾವೇ ಅಂದಾಜು ಮಾಡಲು ಸಾಧ್ಯವೇ?

ಉತ್ತರ: ಎಂಜಿನ್ ಕೋಣೆಯ ಹಳಬ

ಸಾಧ್ಯವಿದೆ, ಮತ್ತು ಖರ್ಚಿಲ್ಲದೆ. ಬಹಳ ಹಿಂದಿನಿಂದಲೂ ಬಳಕೆಯಲ್ಲಿರುವ ವಿಧಾನವಿದು. 1628ರಲ್ಲಿ ಸ್ಟಾಕ್‌ಹೋಮಿನಲ್ಲಿ ‘ವಾಸಾ’ ಯುದ್ಧನೌಕೆಯನ್ನು ಪರೀಕ್ಷಿಸಲು ಮೂವತ್ತು ಜನರನ್ನು ಡೆಕ್ಕಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿದರು. ಮೂರನೆಯ ಓಟಕ್ಕೇ ನೌಕೆ ಮಗುಚುವಷ್ಟು ಹೊಯ್ದಾಡಿದ್ದರಿಂದ ನಿಲ್ಲಿಸಿದರು. ಆದರೂ ಅದನ್ನು ಸಮುದ್ರಕ್ಕೆ ಕಳುಹಿಸಿದರು. ಮೊದಲ ಯಾನದಲ್ಲಿ ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಗಾಳಿಗೆ ವಾಲಿ, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಪರೀಕ್ಷೆ ಸತ್ಯವನ್ನೇ ಹೇಳಿತ್ತು, ಕೇಳುವವರಿರಲಿಲ್ಲ.

ನಿಮ್ಮ ಬೋಟಿಗೆ ಹೀಗೆ ಮಾಡಿ. ಗಾಳಿಯಿಲ್ಲದ ಬೆಳಗ್ಗೆ, ಬಂದರಿನ ಶಾಂತವಾದ ನೀರಿನಲ್ಲಿ, ಕಟ್ಟಿದ ಹಗ್ಗಗಳನ್ನು ಸಡಿಲಬಿಟ್ಟು, ಬೋಟು ದಕ್ಕೆಗೂ ಪಕ್ಕದ ಬೋಟಿಗೂ ತಾಗದಂತೆ ನೋಡಿಕೊಳ್ಳಿ. ಕೆಲವರು ಒಟ್ಟಾಗಿ ಅತ್ತಿತ್ತ ನಡೆದು ಬೋಟನ್ನು ಸ್ವಲ್ಪವೇ ಓಲಾಡಿಸಿ ನಡುವೆ ನಿಂತುಬಿಡಲಿ. ಎಡತುದಿಯಿಂದ ಹೊರಟು ಬಲಕ್ಕೆ ಹೋಗಿ ಮತ್ತೆ ಎಡತುದಿಗೆ ಬಂದರೆ ಒಂದು ಓಲಾಟ. ಅಂತಹ ನಾಲ್ಕೈದು ಓಲಾಟಗಳ ಸಮಯವನ್ನು ಅಳೆದು ಭಾಗಿಸಿದರೆ ಒಂದರ ಕಾಲ ಸಿಗುತ್ತದೆ. ಬೋಟಿನ ಅಗಲವನ್ನು ಮೀಟರಿನಲ್ಲಿ ತೆಗೆದುಕೊಂಡು 0.8ರಿಂದ ಗುಣಿಸಿ, ಈ ಸೆಕೆಂಡುಗಳಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿದರೆ ನಾನು ಮೊದಲು ಹೇಳಿದ, ಗುರುತ್ವ ಕೇಂದ್ರಕ್ಕೂ ಮೆಟಾಸೆಂಟರಿಗೂ ನಡುವಿನ ಅಂತರ ಅಂದಾಜಾಗಿ ಮೀಟರಿನಲ್ಲಿ ದೊರೆಯುತ್ತದೆ. ಆರು ಮೀಟರ್ ಅಗಲದ ಬೋಟು ಆರು ಸೆಕೆಂಡಿನಲ್ಲಿ ಓಲಾಡಿದರೆ ಅಂತರ 0.64 ಮೀಟರ್, ಇದು ನೆಮ್ಮದಿಯ ಅಂಕಿ. ಒಂದೇ ಡೆಕ್ಕಿನ ಮೀನುಗಾರಿಕಾ ಹಡಗಿಗೆ ಅಂತರರಾಷ್ಟ್ರೀಯ ಸಂಹಿತೆ ಸೂಚಿಸುವ ಕನಿಷ್ಠ ಅಂತರ 0.35 ಮೀಟರ್; ಅದೇ ಬೋಟಿನ ಓಲಾಟ ಎಂಟು ಸೆಕೆಂಡನ್ನು ದಾಟಿದರೆ ಆ ಮಿತಿಯ ಕೆಳಗೆ ಇಳಿದಂತೆ. 0.8 ಎಂಬುದು ಬೋಟಿನ ಆಕಾರಕ್ಕೂ ಭಾರಕ್ಕೂ ತಕ್ಕಂತೆ ಸ್ವಲ್ಪ ಬದಲಾಗುವುದರಿಂದ ಇದನ್ನು ಸರ್ವೇಯರರ ಪರೀಕ್ಷೆಗೆ ಬದಲಿಯೆಂದು ತಿಳಿಯಬೇಡಿ. ವರ್ಷದಿಂದ ವರ್ಷಕ್ಕೆ ಅದೇ ಬೋಟಿನ ಅಂಕಿ ಹೇಗೆ ಬದಲಾಗುತ್ತಿದೆ ಎಂದು ನೋಡಲು ಮಾತ್ರ ಇದು ಬಹಳ ಉಪಯುಕ್ತ; ಮೇಲೆ ಹೊಸ ಕ್ಯಾಬಿನ್ ಕಟ್ಟಿಸಿದ ನಂತರ, ಅಥವಾ ಭಾರವಾದ ವಿಂಚು ಕೂರಿಸಿದ ನಂತರ, ತಪ್ಪದೆ ಮಾಡಿ.

ಇನ್ನೊಂದು ಮಾತು: ಡೀಸೆಲ್ಲೂ ಮಂಜುಗಡ್ಡೆಯೂ ತುಂಬಿರುವಾಗ ಒಮ್ಮೆ, ಮೀನು ಇಳಿಸುವ ಮೊದಲು, ಟ್ಯಾಂಕು ತಳಮುಟ್ಟಿರುವಾಗ ಇನ್ನೊಮ್ಮೆ ಅಳೆಯಿರಿ. ಎರಡನೆಯ ಅಂಕಿಯನ್ನು ತಾಂಡೇಲನಿಗೆ ಬರೆದುಕೊಡಿ. ಅಳಿವೆ ಬಾಗಿಲಿಗೆ ಅವನು ಬರುವುದು ಆ ಸ್ಥಿತಿಯ ಬೋಟಿನಲ್ಲಿ.